ಕೆಟ್ಟ ಡಿಸ್ಕ್ ಯಾವ ಸ್ಲಾಟ್‌ನಲ್ಲಿದೆ? ಸರ್ವರ್ ಡಿಸ್ಕ್‌ಗಳನ್ನು ಗುರುತಿಸುವ, ಕಾಯುವ ದಾರಿಗಳ ಹೋಲಿಕೆ

ಕೆಲವು ವರ್ಷಗಳ ಹಿಂದೆ ನಾನು ತಪ್ಪು ಡಿಸ್ಕ್ ಎಳೆದೆ. 12 ಬೇ (ಡಿಸ್ಕ್ ಕೂರುವ ಗೂಡು) ಇದ್ದ ಚಾಸಿ, ಅಂದರೆ ಸರ್ವರ್‌ನ ಪೆಟ್ಟಿಗೆ. ಒಳಗೆ ರೇಡ್ 6, ಅಂದರೆ ಎರಡು ಡಿಸ್ಕ್ ಹೋದರೂ ಡೇಟಾ ಉಳಿಯುವಂತೆ ಜೋಡಿಸಿದ ಡಿಸ್ಕ್‌ಗಳ ಗುಂಪು. ಸ್ಲಾಟ್ 4ರ ಡಿಸ್ಕ್ ಕೆಟ್ಟಿದೆ ಎಂದು ಸಾಫ್ಟ್‌ವೇರ್ ತೋರಿಸುತ್ತಿತ್ತು. ಚಾಸಿಯ ಸ್ಟಿಕ್ಕರ್‌ನಲ್ಲಿ 4 ಎಂದು ಬರೆದಿದ್ದ ಬೇ ನೋಡಿ ಎಳೆದುಬಿಟ್ಟೆ. ಸಾಫ್ಟ್‌ವೇರ್ 0ಯಿಂದ ಎಣಿಸುತ್ತಿತ್ತು, ಸ್ಟಿಕ್ಕರ್ 1ರಿಂದ. ಕೆಟ್ಟ ಡಿಸ್ಕ್ ಅಲ್ಲೇ ಕೂತಿತ್ತು, ನನ್ನ ಕೈಯಲ್ಲಿ ಇದ್ದದ್ದು ಅದರ ಪಕ್ಕದ ಒಳ್ಳೆಯ ಡಿಸ್ಕ್. ರೇಡ್ 6 ಆದ್ದರಿಂದ ಡೇಟಾ ಉಳಿಯಿತು. ಒಂದೇ ಡಿಸ್ಕ್‌ನ ನಷ್ಟ ತಾಳುವ ರೇಡ್ 5 ಆಗಿದ್ದರೆ ಆ ಗಳಿಗೆಯಲ್ಲೇ ಅರೇ (ಡಿಸ್ಕ್‌ಗಳ ಗುಂಪು) ಬಿದ್ದುಹೋಗುತ್ತಿತ್ತು. ಎರಡೂ ಡಿಸ್ಕ್ ರೀಬಿಲ್ಡ್ ಆಗುವವರೆಗೆ, ಅಂದರೆ ಅವುಗಳ ಡೇಟಾ ಮತ್ತೆ ತುಂಬುವವರೆಗೆ, ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಈ ವಿಷಯವನ್ನು ಗಂಭೀರವಾಗಿ ಕಲಿತೆ. ಡಿಸ್ಕ್ ಗುರುತಿಸಲು ಹಲವು ದಾರಿಗಳಿವೆ. ಒಂದೊಂದಕ್ಕೂ ಒಂದೊಂದು ಬಲ, ಒಂದೊಂದು ಹುಳುಕು. ನಿಮ್ಮ ಸರ್ವರ್‌ಗೆ ಯಾವುದು ಸರಿ ಅನ್ನುವುದು ಮುಖ್ಯವಾಗಿ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಆಪರೇಟಿಂಗ್ ಸಿಸ್ಟಮ್‌ಗೂ ಡಿಸ್ಕ್‌ಗೂ ನಡುವೆ ಏನಿದೆ? ಡಿಸ್ಕ್‌ಗಳನ್ನು ತಾನೇ ಗುಂಪು ಮಾಡುವ ರೇಡ್ ಕಾರ್ಡಾ, ಸುಮ್ನೆ ದಾಟಿಸುವ ಎಚ್‌ಬಿಎ ಕಾರ್ಡಾ, ಅಥವಾ ಮದರ್‌ಬೋರ್ಡ್‌ನ ನೇರ ಪಿಸಿಐಇ ದಾರಿಯಾ?

ಒಂದೇ ಡಿಸ್ಕ್, ಮೂರು ಹೆಸರು

ಮೊದಲು ಇದು ಸ್ಪಷ್ಟವಾಗಬೇಕು. ಯಾವುದೇ ಡಿಸ್ಕ್‌ಗೆ ಮೂರು ಗುರುತುಗಳಿರುತ್ತವೆ.

ಒಂದು, ಆಪರೇಟಿಂಗ್ ಸಿಸ್ಟಮ್ ಇಟ್ಟ ಹೆಸರು. ಲಿನಕ್ಸ್‌ನಲ್ಲಿ ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಹೀಗೆ. ಬೂಟ್ ಆಗುವಾಗ ಯಾವ ಡಿಸ್ಕ್ ಮೊದಲು ಕಂಡಿತೋ ಅದಕ್ಕೆ ಮೊದಲ ಹೆಸರು. ಮುಂದಿನ ಬೂಟ್‌ನಲ್ಲಿ ಇದೇ ಕ್ರಮ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಒಂದು ಡಿಸ್ಕ್ ತೆಗೆದು ಇನ್ನೊಂದು ಹಾಕಿದರೂ ಹೆಸರು ಬದಲಾಗಬಹುದು. ಇವತ್ತಿನ ಎಸ್‌ಡಿಎಫ್ ನಾಳೆ ಎಸ್‌ಡಿಜಿ ಆಗಿರಬಹುದು. ಈ ಹೆಸರನ್ನು ಆ ಹೊತ್ತಿನ ಕೆಲಸಕ್ಕೆ ಮಾತ್ರ ಬಳಸಿ. ಕಡತದಲ್ಲಿ ಬರೆದಿಡಬೇಡಿ.

ಎರಡು, ಡಿಸ್ಕ್‌ನ ಸ್ವಂತ ಗುರುತು. ಸೀರಿಯಲ್ ನಂಬರ್ ಮತ್ತು ಡಬ್ಲ್ಯುಡಬ್ಲ್ಯುಎನ್ ಎಂಬ ಜಾಗತಿಕ ಸಂಖ್ಯೆ. ಇವು ಕಾರ್ಖಾನೆಯಲ್ಲೇ ಬರುತ್ತವೆ. ಡಿಸ್ಕನ್ನು ಯಾವ ಸರ್ವರ್‌ಗೆ ಹಾಕಿದರೂ ಬದಲಾಗುವುದಿಲ್ಲ. ಸಾಮಾನ್ಯವಾಗಿ ಲೇಬಲ್ ಮೇಲೂ ಅಚ್ಚಾಗಿರುತ್ತವೆ.

ಮೂರು, ಅದು ಕೂತಿರುವ ಜಾಗ. ಯಾವ ಎನ್‌ಕ್ಲೋಜರ್ (ಡಿಸ್ಕ್‌ಗಳನ್ನು ಹಿಡಿದಿಡುವ ಪೆಟ್ಟಿಗೆ), ಯಾವ ಸ್ಲಾಟ್.

ಮಾನಿಟರಿಂಗ್ ಸಾಫ್ಟ್‌ವೇರ್ ಹೆಚ್ಚಾಗಿ ಮೊದಲ ಹೆಸರು ಹೇಳುತ್ತದೆ. ವಾರಂಟಿಗೆ ಬೇಕಾಗುವುದು ಎರಡನೆಯದು. ನಿಮ್ಮ ಕೈಗೆ ಬೇಕಾದದ್ದು ಮೂರನೆಯದು. ಈ ಮೂರನ್ನೂ ಜೋಡಿಸುವ ಕೊಂಡಿ ಎಲ್ಲಿ ಸಡಿಲವಾಗುತ್ತದೋ ಅಲ್ಲೇ ತಪ್ಪು ಡಿಸ್ಕ್ ಹೊರಗೆ ಬರುತ್ತದೆ. ಕೆಳಗಿನ ದಾರಿಗಳನ್ನೆಲ್ಲ ನಾನು ಅಳೆಯುವುದು ಇದೇ ಕೋಲಿನಿಂದ: ಈ ಕೊಂಡಿಯನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ? ಡಿಸ್ಕ್ ಪೂರ್ತಿ ಸತ್ತಾಗಲೂ ಹಿಡಿಯುತ್ತದೆಯಾ?

ಚೀಟಿ ಅಂಟಿಸುವ ದಾರಿ

ಎಲ್ಲಕ್ಕಿಂತ ಹಳೆಯದು, ಇವತ್ತಿಗೂ ನಾನು ಬಿಡದೆ ಮಾಡುವುದು ಇದೇ. ಡಿಸ್ಕನ್ನು ಕ್ಯಾಡಿಗೆ (ಸ್ಲಾಟ್‌ಗೆ ಜಾರಿಸುವ ಚೌಕಟ್ಟು) ಹಾಕುವ ಮೊದಲು ಸೀರಿಯಲ್ ನಂಬರನ್ನು ಸಣ್ಣ ಚೀಟಿಯಲ್ಲಿ ಬರೆದು ಕ್ಯಾಡಿಯ ಮುಖಕ್ಕೆ ಅಂಟಿಸುವುದು. ಜೊತೆಗೆ ಒಂದು ಪಟ್ಟಿ: ಸ್ಲಾಟ್, ಸೀರಿಯಲ್, ಡಬ್ಲ್ಯುಡಬ್ಲ್ಯುಎನ್, ಹಾಕಿದ ದಿನಾಂಕ. ಡಿಸ್ಕ್ ಪಟ್ಟಿ ಕೊಡುವ ಲಿನಕ್ಸ್‌ನ ಎಲ್‌ಎಸ್‌ಬಿಎಲ್‌ಕೆ ಆದೇಶಕ್ಕೆ ಸೀರಿಯಲ್ ಮತ್ತು ಡಬ್ಲ್ಯುಡಬ್ಲ್ಯುಎನ್ ಕಾಲಂ ಕೇಳಿದರೆ ಆ ಹೊತ್ತಿನ ಹೆಸರಿಗೂ ಸೀರಿಯಲ್‌ಗೂ ಸಂಬಂಧ ಒಂದೇ ಸಲಕ್ಕೆ ಕಾಣುತ್ತದೆ. ಡೆವ್ ಡೈರೆಕ್ಟರಿಯ ಬೈ-ಐಡಿ ಫೋಲ್ಡರ್‌ನಲ್ಲೂ ಇದೇ ಸಂಬಂಧ ಲಿಂಕ್‌ಗಳ ರೂಪದಲ್ಲಿ ಇರುತ್ತದೆ.

ಇದರ ದೊಡ್ಡ ಬಲ: ಯಾವ ಹಾರ್ಡ್‌ವೇರ್ ಆದರೂ ನಡೆಯುತ್ತದೆ. ಡಿಸ್ಕ್ ಸತ್ತು ಸಿಸ್ಟಮ್‌ನಿಂದಲೇ ಮಾಯವಾದರೂ ಪಟ್ಟಿಯಲ್ಲಿ ಇರುತ್ತದೆ. ಈಗ ಕಾಣುತ್ತಿರುವ ಸೀರಿಯಲ್‌ಗಳನ್ನು ಪಟ್ಟಿಯಿಂದ ಹೊಡೆದು ಹಾಕುತ್ತಾ ಹೋದರೆ ಕೊನೆಗೆ ಉಳಿಯುವುದೇ ಸತ್ತದ್ದು. ದೌರ್ಬಲ್ಯವೂ ಸರಳ. ಯಾರೋ ಅವಸರದಲ್ಲಿ ಡಿಸ್ಕ್ ಬದಲಿಸಿ ಪಟ್ಟಿ ತಿದ್ದದೆ ಹೋದರೆ ಅದು ಸುಳ್ಳು ಹೇಳಲು ಶುರು ಮಾಡುತ್ತದೆ. ಸುಳ್ಳು ಪಟ್ಟಿ ಇರುವುದಕ್ಕಿಂತ ಪಟ್ಟಿಯೇ ಇಲ್ಲದಿರುವುದು ವಾಸಿ.

ಒಂದು ಸಣ್ಣ ಎಚ್ಚರಿಕೆ ಹೇಳಲೇಬೇಕು. ಚೀಟಿಯಲ್ಲಿ ಜಾಗ ಸಾಲದು ಅಂತ ಹಲವರು ಸೀರಿಯಲ್‌ನ ಕೊನೆಯ ನಾಲ್ಕು ಅಕ್ಷರ ಮಾತ್ರ ಬರೆಯುತ್ತಾರೆ. ಸೀಗೇಟ್‌ನ ಎಸ್‌ಎಎಸ್ (ಸರ್ವರ್‌ಗಳಲ್ಲಿ ಬಳಸುವ ಒಂದು ಬಗೆಯ ಸಂಪರ್ಕ) ಡಿಸ್ಕ್‌ಗಳಲ್ಲಿ ಸಾಫ್ಟ್‌ವೇರ್ ತೋರಿಸುವ ಸೀರಿಯಲ್ 20 ಅಕ್ಷರದ್ದು ಇರಬಹುದು. ಲೇಬಲ್‌ನಲ್ಲಿ ಇರುವುದು ಅದರ ಮೊದಲ 8 ಅಕ್ಷರ. ಕೊನೆಯ ನಾಲ್ಕನ್ನು ಹೋಲಿಸುತ್ತಾ ಕೂತರೆ ಯಾವುದೂ ತಾಳೆಯಾಗುವುದಿಲ್ಲ. ಪೂರ್ತಿ ಬರೆಯಿರಿ, ಅಕ್ಷರ ಸಣ್ಣದಾದರೂ ಪರವಾಗಿಲ್ಲ.

ಓದಿಸಿ ಲೈಟ್ ಮಿಣುಕಿಸುವ ದಾರಿ

ಸರ್ವರ್‌ನಲ್ಲಿ ಲೊಕೇಟ್ ಲೈಟ್ (ಕೇಳಿದ ಸ್ಲಾಟನ್ನು ತೋರಿಸಲು ಮಿಣುಕುವ ದೀಪ) ಇಲ್ಲ, ಚೀಟಿಯೂ ಇಲ್ಲ. ಆಗ ಉಳಿಯುವುದು ಚಟುವಟಿಕೆಯ ಲೈಟ್. ಡೇಟಾ ನಕಲು ಮಾಡುವ ಡಿಡಿ ಆದೇಶದಿಂದ ಒಂದು ಡಿಸ್ಕನ್ನು ಎಡೆಬಿಡದೆ ಓದಿಸಿದರೆ ಅದರ ಲೈಟ್ ಬಿಡದೆ ಮಿಣುಕುತ್ತದೆ. ಡಿಸ್ಕ್ ಉತ್ತರವನ್ನೇ ಕೊಡುತ್ತಿಲ್ಲ ಅಂದರೆ ಉಲ್ಟಾ ಮಾಡಿ: ಉಳಿದ ಎಲ್ಲವನ್ನೂ ಓದಿಸಿ, ಮಿಣುಕದೆ ಇರುವುದನ್ನು ಹುಡುಕಿ.

ಡಿಡಿಯಲ್ಲಿ ಓದುವ ಕಡೆ ಯಾವುದು, ಬರೆಯುವ ಕಡೆ ಯಾವುದು ಎಂದು ಎರಡು ಸಲ ನೋಡಿ ಎಂಟರ್ ಒತ್ತಿ. ಅದಲು ಬದಲಾದರೆ ಡೇಟಾ ಹೋಯಿತು.

ಕೆಲಸ ನಡೆಯುತ್ತಿರುವ ಸರ್ವರ್‌ನಲ್ಲಿ ಎಲ್ಲ ಲೈಟೂ ಮಿಣುಕುತ್ತಿರುವುದರಿಂದ ಈ ಉಪಾಯ ಕಣ್ಣಿಗೆ ಮೋಸ ಮಾಡಬಹುದು. ಕೆಲವು ಎಸ್‌ಎಎಸ್ ಡಿಸ್ಕ್‌ಗಳ ಲೈಟ್ ಸುಮ್ನೆ ಇದ್ದಾಗ ಉರಿದಿರುತ್ತದೆ, ಕೆಲಸ ಮಾಡುವಾಗ ಆರಿ ಆರಿ ಬರುತ್ತದೆ. ಸಾಮಾನ್ಯ ಕಂಪ್ಯೂಟರ್‌ಗಳಲ್ಲೂ ಇರುವ ಸಾಟಾ ಡಿಸ್ಕ್‌ಗಳದ್ದು ಇದಕ್ಕೆ ತದ್ವಿರುದ್ಧ. ಎರಡನ್ನೂ ಬೆರೆಸಿದ ಚಾಸಿಯ ಮುಂದೆ ನಿಂತರೆ ಗೊಂದಲ ಖಂಡಿತ. ಹಾಗಾಗಿ ನಾನು ಇದನ್ನು ಎರಡನೇ ಸಾಕ್ಷಿಯಾಗಿ ಮಾತ್ರ ಬಳಸುತ್ತೇನೆ.

ರೇಡ್ ಕಾರ್ಡ್ ಇದ್ದರೆ ಕಾರ್ಡ್‌ನ ಮಾತೇ ಕೇಳಿ

ಹಾರ್ಡ್‌ವೇರ್ ರೇಡ್ ಇರುವಲ್ಲಿ ಆಪರೇಟಿಂಗ್ ಸಿಸ್ಟಮ್‌ಗೆ ನಿಜವಾದ ಡಿಸ್ಕ್‌ಗಳು ಕಾಣುವುದೇ ಇಲ್ಲ. ಕಾರ್ಡ್ ಕಟ್ಟಿಕೊಟ್ಟ ವರ್ಚುವಲ್ ಡಿಸ್ಕ್ ಮಾತ್ರ ಕಾಣುತ್ತದೆ. ಇಲ್ಲಿ ಎಲ್‌ಎಸ್‌ಬಿಎಲ್‌ಕೆ ಹಿಡಿದು ಹುಡುಕುವುದು ವ್ಯರ್ಥ. ಕಾರ್ಡ್ ತಯಾರಕರ ಟೂಲ್ ಬೇಕು. ಬ್ರಾಡ್‌ಕಾಮ್ ಮೆಗಾರೇಡ್ ಕಾರ್ಡ್‌ಗೆ ಸ್ಟಾರ್‌ಸಿಎಲ್‌ಐ. ಡೆಲ್‌ನ ಪರ್ಕ್ ಕಾರ್ಡ್‌ಗೆ ಪರ್ಕ್‌ಸಿಎಲ್‌ಐ. ಎಚ್‌ಪಿಇ ಸ್ಮಾರ್ಟ್ ಅರೇಗೆ ಎಸ್‌ಎಸ್‌ಎಸಿಎಲ್‌ಐ. ಅಡಾಪ್ಟೆಕ್‌ಗೆ ಆರ್ಕ್‌ಕಾನ್ಫ್.

ಸ್ಟಾರ್‌ಸಿಎಲ್‌ಐ ಪಟ್ಟಿಯಲ್ಲಿ ಪ್ರತಿ ಡಿಸ್ಕ್ ಎನ್‌ಕ್ಲೋಜರ್ ಸಂಖ್ಯೆ ಮತ್ತು ಸ್ಲಾಟ್ ಸಂಖ್ಯೆಯ ಜೋಡಿಯಾಗಿ ಬರುತ್ತದೆ. 252 ಎಂಬ ಎನ್‌ಕ್ಲೋಜರ್ ಸಂಖ್ಯೆ ನೋಡಿ ಗಾಬರಿ ಬೇಡ. ಎಕ್ಸ್‌ಪಾಂಡರ್ (ಒಂದು ಕೇಬಲನ್ನು ಹಲವು ಡಿಸ್ಕ್‌ಗಳಿಗೆ ಹಂಚುವ ಚಿಪ್) ಇಲ್ಲದೆ ಕಾರ್ಡ್‌ಗೆ ನೇರ ಕೇಬಲ್ ಹಾಕಿದ ಡಿಸ್ಕ್‌ಗಳಿಗೆ ಸಾಮಾನ್ಯವಾಗಿ ಈ ಸಂಖ್ಯೆ ಬರುತ್ತದೆ. ಆ ಜೋಡಿ ಕೊಟ್ಟು ಸ್ಟಾರ್ಟ್ ಲೊಕೇಟ್ ಎಂದರೆ ಲೈಟ್ ಮಿಣುಕುತ್ತದೆ, ಸ್ಟಾಪ್ ಲೊಕೇಟ್ ಎಂದರೆ ನಿಲ್ಲುತ್ತದೆ. ಎಚ್‌ಪಿಇಯಲ್ಲಿ ವಿಳಾಸ ಪೋರ್ಟ್, ಬಾಕ್ಸ್, ಬೇ ಎಂಬ ಮೂರು ಭಾಗಗಳದ್ದು.

ಇಲ್ಲಿ ಸ್ಲಾಟ್ ಮತ್ತು ಸೀರಿಯಲ್ ನಡುವಿನ ಕೊಂಡಿ ಬಹಳ ಗಟ್ಟಿ. ಡಿಸ್ಕ್ ಕೆಟ್ಟರೂ ಕಾರ್ಡ್ ತನ್ನ ಸ್ಲಾಟ್ ಲೆಕ್ಕವನ್ನು ಇಟ್ಟುಕೊಂಡಿರುತ್ತದೆ. ಕೆಟ್ಟ ತಕ್ಷಣ ಫಾಲ್ಟ್ ಲೈಟನ್ನು ತಾನೇ ಹಚ್ಚುತ್ತದೆ. ತೊಡಕು ಬೇರೆ ಕಡೆ ಇದೆ. ಮೆಗಾರೇಡ್ ಹಿಂದಿನ ಡಿಸ್ಕ್‌ನ ಸ್ಮಾರ್ಟ್ ಮಾಹಿತಿಯನ್ನು (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ಸ್ಮಾರ್ಟ್‌ಸಿಟಿಎಲ್ ಟೂಲ್‌ನಿಂದ ಓದುವಾಗ ಒಂದು ಸಂಖ್ಯೆ ಕೊಡಬೇಕು. ಹಲವರು ಅದು ಸ್ಲಾಟ್ ಸಂಖ್ಯೆ ಅಂದುಕೊಳ್ಳುತ್ತಾರೆ. ಅಲ್ಲ, ಅದು ಕಾರ್ಡ್ ಕೊಟ್ಟ ಡಿವೈಸ್ ಐಡಿ. ಹೊಸ ಸರ್ವರ್‌ನಲ್ಲಿ ಎರಡೂ ಒಂದೇ ಇರಬಹುದು. ಒಂದೆರಡು ಡಿಸ್ಕ್ ಬದಲಾದ ಮೇಲೆ ಬೇರೆ ಬೇರೆಯಾಗುತ್ತವೆ. ಮೊದಲ ವರ್ಷ ಸರಿಯಾಗಿದ್ದ ಸ್ಕ್ರಿಪ್ಟ್ ಮೂರನೇ ವರ್ಷ ಪಕ್ಕದ ಡಿಸ್ಕ್‌ನ ಕಥೆ ಹೇಳುವುದು ಹೀಗೆ.

ಎಚ್‌ಬಿಎ ಮತ್ತು ಎಸ್‌ಇಎಸ್: ನನ್ನ ಮೆಚ್ಚಿನ ದಾರಿ, ಆದರೂ ಪರೀಕ್ಷೆ ಮಾಡಿ

ಝಡ್‌ಎಫ್‌ಎಸ್, ಲಿನಕ್ಸ್ ಎಂಡಿ ರೇಡ್, ಸೆಫ್ ಇಂಥ, ಡಿಸ್ಕ್‌ಗಳನ್ನು ಸಾಫ್ಟ್‌ವೇರ್‌ನಲ್ಲೇ ಗುಂಪು ಮಾಡುವ ವ್ಯವಸ್ಥೆಗಳನ್ನು ನಡೆಸುವವರು ಹೆಚ್ಚಾಗಿ ಎಚ್‌ಬಿಎ ಕಾರ್ಡ್ ಬಳಸುತ್ತಾರೆ. ಪ್ರತಿ ಡಿಸ್ಕೂ ಆಪರೇಟಿಂಗ್ ಸಿಸ್ಟಮ್‌ಗೆ ನೇರವಾಗಿ ಕಾಣುತ್ತದೆ. ಸ್ಲಾಟ್ ಮಾಹಿತಿ ಮಾತ್ರ ಬೇರೆ ಕಡೆಯಿಂದ ಬರಬೇಕು. ಅದನ್ನು ಕೊಡುವುದು ಎಸ್‌ಇಎಸ್, ಅಂದರೆ ಸ್ಕಸಿ ಎನ್‌ಕ್ಲೋಜರ್ ಸರ್ವೀಸಸ್. ಎನ್‌ಕ್ಲೋಜರ್ ಒಳಗಿನ ಎಕ್ಸ್‌ಪಾಂಡರ್ ಚಿಪ್ ತಾನೂ ಒಂದು ಸ್ಕಸಿ ಸಾಧನವಾಗಿ ಕಾಣಿಸಿಕೊಂಡು ತನ್ನ ಸ್ಲಾಟ್‌ಗಳು, ಫ್ಯಾನ್‌ಗಳು, ಪವರ್ ಸಪ್ಲೈ, ಉಷ್ಣತೆ ಎಲ್ಲವನ್ನೂ ವರದಿ ಮಾಡುತ್ತದೆ.

ಲಿನಕ್ಸ್‌ನಲ್ಲಿ ಎಸ್‌ಇಎಸ್ ಮಾಡ್ಯೂಲ್ ಲೋಡ್ ಆಗಿದ್ದರೆ ಸಿಸ್ ಡೈರೆಕ್ಟರಿಯ ಕ್ಲಾಸ್ ಫೋಲ್ಡರ್‌ನಲ್ಲಿ ಎನ್‌ಕ್ಲೋಜರ್ ಎಂಬ ಫೋಲ್ಡರ್ ಸಿಗುತ್ತದೆ. ಒಳಗೆ ಪ್ರತಿ ಸ್ಲಾಟ್‌ಗೂ ಒಂದು ಫೋಲ್ಡರ್. ಅದರಲ್ಲಿ ಲೊಕೇಟ್, ಫಾಲ್ಟ್, ಸ್ಟೇಟಸ್ ಎಂಬ ಫೈಲ್‌ಗಳು, ಆ ಸ್ಲಾಟ್‌ನ ಡಿಸ್ಕ್‌ಗೆ ಒಂದು ಲಿಂಕ್. ಲೊಕೇಟ್ ಫೈಲ್‌ಗೆ 1 ಬರೆದರೆ ಲೈಟ್ ಹತ್ತುತ್ತದೆ, 0 ಬರೆದರೆ ಆರುತ್ತದೆ. ಬೇರೆ ಯಾವ ಟೂಲೂ ಬೇಡ. ನನಗೆ ಇದು ತುಂಬಾ ಇಷ್ಟ, ಏಕೆಂದರೆ ಮೂರು ಹೆಸರುಗಳೂ ಒಂದೇ ಜಾಗದಲ್ಲಿ ಕೂಡುತ್ತವೆ.

ಇದರ ಮೇಲೆ ಕಟ್ಟಿದ ಟೂಲ್‌ಗಳು ಎರಡು ಮುಖ್ಯ. ಲೆಡ್‌ಸಿಟಿಎಲ್ ಸುಲಭ. ಡಿಸ್ಕ್‌ನ ಹೆಸರು ಕೊಟ್ಟು ಲೊಕೇಟ್ ಎಂದರೆ ಸಾಕು, ಹಿಂದೆ ಎಸ್‌ಇಎಸ್ ಇದೆಯಾ, ಎಸ್‌ಜಿಪಿಐಒ (ಲೈಟ್ ಹಚ್ಚುವ ಇನ್ನೊಂದು ವ್ಯವಸ್ಥೆ, ಮುಂದೆ ಹೇಳುತ್ತೇನೆ) ಇದೆಯಾ ಎಂದು ತಾನೇ ನೋಡಿಕೊಳ್ಳುತ್ತದೆ. ಡಿಸ್ಕ್ ಸತ್ತು ಹೆಸರೇ ಇಲ್ಲವಾದರೆ ಹಳೆಯ ಆವೃತ್ತಿಗಳಲ್ಲಿ ಕೈ ಕಟ್ಟಿದಂತೆ. ಹೊಸ ಆವೃತ್ತಿಗಳಲ್ಲಿ ಸ್ಲಾಟ್ ಹೆಸರು ಕೊಟ್ಟೂ ಲೈಟ್ ಹಚ್ಚಬಹುದು. ಎಸ್‌ಜಿ-ಎಸ್‌ಇಎಸ್ ಟೂಲ್ ಕಲಿಯಲು ಸ್ವಲ್ಪ ಕಷ್ಟ, ಬಲ ಜಾಸ್ತಿ. ಖಾಲಿ ಸ್ಲಾಟ್‌ನ ಲೈಟನ್ನೂ ಹಚ್ಚುತ್ತದೆ. ಎಸ್‌ಎಎಸ್ ವಿಳಾಸ ಕೊಟ್ಟರೆ ಸ್ಲಾಟ್ ಹುಡುಕಿಕೊಡುತ್ತದೆ. ಎನ್‌ಕ್ಲೋಜರ್‌ನ ಪೂರ್ತಿ ಸ್ಥಿತಿ ಪುಟವನ್ನು ಓದಿಸುತ್ತದೆ. ಫ್ರೀಬಿಎಸ್‌ಡಿ ಬಳಸುವವರಿಗೆ ಸೆಸ್‌ಯುಟಿಲ್ ಇದೆ. ಅದರ ಮ್ಯಾಪ್ ಆದೇಶ ಕೊಡುವ ಚಿತ್ರ ಲಿನಕ್ಸ್‌ನವರಿಗೆ ಹೊಟ್ಟೆಕಿಚ್ಚು ಹುಟ್ಟಿಸುವಷ್ಟು ಅಚ್ಚುಕಟ್ಟು.

ಈಗ ಹುಳುಕುಗಳು. ಎಲ್ಲ ಎನ್‌ಕ್ಲೋಜರ್‌ಗಳ ಫರ್ಮ್‌ವೇರೂ ಒಂದೇ ಶ್ರದ್ಧೆಯಿಂದ ಬರೆದದ್ದಲ್ಲ. ಕೆಲವು ಸ್ಲಾಟ್‌ಗಳಿಗೆ ಅರ್ಥವಿಲ್ಲದ ಹೆಸರು ಕೊಡುತ್ತವೆ. ಕೆಲವು 0ಯಿಂದ ಎಣಿಸುತ್ತವೆ, ಕೆಲವು 1ರಿಂದ. ಡೆವ್ ಡೈರೆಕ್ಟರಿಯ ಬೈ-ಪಾತ್ ಫೋಲ್ಡರ್‌ನಲ್ಲಿ ಕಾಣುವ ಫೈ ಸಂಖ್ಯೆಯನ್ನೇ ಸ್ಲಾಟ್ ಸಂಖ್ಯೆ ಎಂದು ನಂಬುವವರಿದ್ದಾರೆ. ಫೈ ಅಂದರೆ ಎಕ್ಸ್‌ಪಾಂಡರ್‌ನ ಒಂದು ತಂತಿ ಕೊನೆ ಅಷ್ಟೇ. ಬ್ಯಾಕ್‌ಪ್ಲೇನ್ (ಡಿಸ್ಕ್‌ಗಳು ಸಿಕ್ಕಿಕೊಳ್ಳುವ ಹಿಂಬದಿಯ ಬೋರ್ಡ್) ಮಾಡಿದವರು ಅದನ್ನು ಯಾವ ಸ್ಲಾಟ್‌ಗೆ ಬೇಕಾದರೂ ಎಳೆದಿರಬಹುದು. ಅದಕ್ಕೇ ಹೇಳುವುದು, ಹೊಸ ಎನ್‌ಕ್ಲೋಜರ್ ಬಂದ ದಿನವೇ ಪ್ರತಿ ಸ್ಲಾಟ್‌ನ ಲೈಟನ್ನು ಒಂದೊಂದಾಗಿ ಹಚ್ಚಿ ಕಣ್ಣಾರೆ ನೋಡಿ. 60 ಡಿಸ್ಕ್‌ನ ಎನ್‌ಕ್ಲೋಜರ್ ಆದರೂ ಅರ್ಧ ದಿನದೊಳಗೆ ಮುಗಿಯುತ್ತದೆ. ಡಿಸ್ಕ್ ಕೆಟ್ಟ ಮೇಲೆ ಈ ಕೆಲಸಕ್ಕೆ ಕೂತರೆ ಅದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಎರಡು ಎಕ್ಸ್‌ಪಾಂಡರ್ ಇರುವ ಎನ್‌ಕ್ಲೋಜರ್‌ಗೆ ಎರಡು ಕೇಬಲ್ ಹಾಕಿದ್ದರೆ ಪ್ರತಿ ಎಸ್‌ಎಎಸ್ ಡಿಸ್ಕ್ ಎರಡು ಹೆಸರಿನಲ್ಲಿ ಕಾಣುತ್ತದೆ. 24 ಡಿಸ್ಕ್ 48 ಆಗುತ್ತವೆ. ಆಗ ಲೆಕ್ಕ ಹಾಕಬೇಕಾದದ್ದು ಡಬ್ಲ್ಯುಡಬ್ಲ್ಯುಎನ್‌ನಿಂದ. ಎರಡೂ ಹೆಸರಿಗೆ ಅದು ಒಂದೇ. ಪೋರ್ಟ್ ವಿಳಾಸ ಮಾತ್ರ ಬೇರೆ.

ಎಕ್ಸ್‌ಪಾಂಡರ್ ಇಲ್ಲದ ಸಣ್ಣ ಚಾಸಿಗಳಲ್ಲಿ ಎಸ್‌ಇಎಸ್ ಬದಲು ಎಸ್‌ಜಿಪಿಐಒ ಇರುತ್ತದೆ. ಅದು ಡೇಟಾ ಕೇಬಲ್ ಜೊತೆಯಲ್ಲೇ ಬರುವ ನಾಲ್ಕು ಸಂಕೇತ ತಂತಿಗಳ ಸರಳ ವ್ಯವಸ್ಥೆ. ಚಟುವಟಿಕೆ, ಲೊಕೇಟ್, ಫಾಲ್ಟ್ ಎಂಬ ಮೂರು ಸೂಚನೆ ದಾಟಿಸುತ್ತದೆ. ಡೇಟಾ ಕೇಬಲ್‌ಗಳನ್ನು ಅದಲು ಬದಲು ಹಾಕಿದರೆ ಲೈಟೂ ಡಿಸ್ಕ್ ಜೊತೆಗೇ ಹೋಗುತ್ತದೆ, ಆದರೆ ಸ್ಲಾಟ್ ಸಂಖ್ಯೆ ಸುಳ್ಳಾಗುತ್ತದೆ. ಆ ಸಂಕೇತ ತಂತಿಯನ್ನು ಬೇರೆಯಾಗಿ ಸಿಕ್ಕಿಸುವ ಚಾಸಿಗಳಲ್ಲಿ ಡೇಟಾ ಒಂದು ಕಡೆ, ಲೈಟ್ ಇನ್ನೊಂದು ಕಡೆ ಆಗಿರುವ ಸಾಧ್ಯತೆಯೂ ಇದೆ. ಇದು ಬಹಳ ಅಪಾಯದ ತಪ್ಪು, ಏಕೆಂದರೆ ಲೈಟ್ ಮಿಣುಕುತ್ತಿದೆ ಅಂದರೆ ನಾವು ನಂಬಿಬಿಡುತ್ತೇವೆ, ಅಲ್ವಾ?

ಎನ್‌ವಿಎಂಇ ಡಿಸ್ಕ್‌ಗಳ ಲೋಕ ಬೇರೆ

ಎನ್‌ವಿಎಂಇ ಡಿಸ್ಕ್‌ಗಳು, ಅಂದರೆ ವೇಗದ ಎಸ್‌ಎಸ್‌ಡಿಗಳು, ಪಿಸಿಐಇ ಮೇಲೆ ನೇರವಾಗಿ ಕೂತಿರುತ್ತವೆ. ನಡುವೆ ಎಕ್ಸ್‌ಪಾಂಡರ್ ಇಲ್ಲ, ಹಾಗಾಗಿ ಅದು ಕೊಡುತ್ತಿದ್ದ ಎಸ್‌ಇಎಸ್ ಕೂಡ ಇಲ್ಲ. ಲೈಟ್ ಹಚ್ಚಲು ಇಂಟೆಲ್‌ನ ವಿಎಂಡಿ (ಪ್ರೊಸೆಸರ್‌ನಲ್ಲೇ ಇರುವ ಎನ್‌ವಿಎಂಇ ನಿರ್ವಹಣಾ ಸೌಲಭ್ಯ) ಚಾಲೂ ಇರುವ ಸರ್ವರ್‌ಗಳಲ್ಲಿ ಲೆಡ್‌ಸಿಟಿಎಲ್ ಕೆಲಸ ಮಾಡುತ್ತದೆ. ಪಿಸಿಐಇ ಮಾನದಂಡದಲ್ಲೇ ಈ ಲೈಟ್‌ಗಳಿಗೆಂದು ಎನ್‌ಪಿಇಎಂ ಎಂಬ ವ್ಯವಸ್ಥೆ ಬಂದಿದೆ. ಲಿನಕ್ಸ್ ಕರ್ನಲ್ 6.12ರಿಂದ ಅದಕ್ಕೆ ಬೆಂಬಲ ಇದೆ. ನಿಮ್ಮ ಹಾರ್ಡ್‌ವೇರ್ ಅದನ್ನು ಕೊಡುತ್ತದೆಯಾ ಎಂದು ಕೊಳ್ಳುವ ಮೊದಲೇ ಕೇಳಿ.

ಸ್ಲಾಟ್ ಹುಡುಕಲು ಸಿಸ್ ಡೈರೆಕ್ಟರಿಯ ಬಸ್, ಪಿಸಿಐ, ಸ್ಲಾಟ್ಸ್ ಫೋಲ್ಡರ್ ನೋಡಬಹುದು. ಅಲ್ಲಿ ಸ್ಲಾಟ್ ಸಂಖ್ಯೆಗೂ ಪಿಸಿಐ ವಿಳಾಸಕ್ಕೂ ಜೋಡಿ ಇರುತ್ತದೆ. ಒಂದು ಮಾತು ನೆನಪಿಡಿ: ಎನ್‌ವಿಎಂಇ0 ಎಂಬ ಕಂಟ್ರೋಲರ್ ಹೆಸರೂ ಎನ್‌ವಿಎಂಇ0ಎನ್1 ಎಂಬ ಬ್ಲಾಕ್ ಸಾಧನದ ಹೆಸರೂ ಒಂದೇ ಡಿಸ್ಕ್‌ನದ್ದು ಎಂದು ಯಾವಾಗಲೂ ಹೇಳಲಾಗದು. ಕರ್ನಲ್‌ನ ಮಲ್ಟಿಪಾತ್ ಸೌಲಭ್ಯ (ಒಂದೇ ಡಿಸ್ಕ್‌ಗೆ ಹಲವು ದಾರಿ) ಚಾಲೂ ಇದ್ದಾಗ ಈ ಸಂಖ್ಯೆಗಳು ಬೇರೆಯಾಗಬಹುದು. ಇಲ್ಲೂ ಸೀರಿಯಲ್ ನಂಬರೇ ಗತಿ.

ಬಿಎಂಸಿ ಮೂಲಕ ನೋಡುವುದು

ಡೆಲ್‌ನ ಐಡ್ರಾಕ್, ಎಚ್‌ಪಿಇಯ ಐಎಲ್‌ಒ ಇಂಥ, ಬಿಎಂಸಿ ಎಂದು ಕರೆಯುವ ನಿರ್ವಹಣಾ ಚಿಪ್‌ಗಳು ಆಪರೇಟಿಂಗ್ ಸಿಸ್ಟಮ್ ಬಿದ್ದಿದ್ದರೂ ಎಚ್ಚರವಾಗಿರುತ್ತವೆ. 2015ರಲ್ಲಿ ಡಿಎಂಟಿಎಫ್ ಸಂಸ್ಥೆ ಹೊರತಂದ ರೆಡ್‌ಫಿಶ್ ಮಾನದಂಡದಿಂದ ಬೇರೆ ಬೇರೆ ಕಂಪನಿಗಳ ಸರ್ವರ್‌ಗಳನ್ನು ಒಂದೇ ರೀತಿಯಲ್ಲಿ ಪ್ರಶ್ನಿಸಬಹುದು. ಡಿಸ್ಕ್‌ನ ಸೀರಿಯಲ್, ಜಾಗ, ಆರೋಗ್ಯ ಸಿಗುತ್ತದೆ. ಬೆಂಬಲ ಇದ್ದಲ್ಲಿ ಲೈಟೂ ಹಚ್ಚಬಹುದು. ನೂರಾರು ಸರ್ವರ್ ನೋಡಿಕೊಳ್ಳುವವರಿಗೆ ಇದು ವರ. ಆದರೆ ಬಿಎಂಸಿಗೆ ಕಾಣುವುದು ಅದು ಬಲ್ಲ ಕಂಟ್ರೋಲರ್‌ನ ಹಿಂದಿನ ಡಿಸ್ಕ್ ಮಾತ್ರ. ಬೇರೆ ಕಂಪನಿಯ ಎಚ್‌ಬಿಎ ಹಾಕಿ, ಹೊರಗೊಂದು ಜೆಬಿಒಡಿ (ಡಿಸ್ಕ್‌ಗಳಷ್ಟೇ ಇರುವ ಪೆಟ್ಟಿಗೆ) ಜೋಡಿಸಿದ್ದರೆ ಬಿಎಂಸಿ ಪುಟ ಸಾಮಾನ್ಯವಾಗಿ ಖಾಲಿ ಕಾಣುತ್ತದೆ.

ಹಾಗಾದರೆ ಯಾವುದನ್ನು ಆರಿಸುವುದು

ಹಾರ್ಡ್‌ವೇರ್ ರೇಡ್ ಇದ್ದರೆ ಕಾರ್ಡ್‌ನ ಟೂಲ್. ಇದರಲ್ಲಿ ಎರಡು ಮಾತಿಲ್ಲ. ಎಚ್‌ಬಿಎ ಮತ್ತು ಎಕ್ಸ್‌ಪಾಂಡರ್ ಇದ್ದರೆ ಎಸ್‌ಇಎಸ್, ಮೊದಲ ದಿನವೇ ಪರೀಕ್ಷೆ ಮಾಡಿದ ಮೇಲೆ. ನಾಲ್ಕೋ ಎಂಟೋ ಡಿಸ್ಕ್‌ನ ಒಂದೇ ಸರ್ವರ್ ಆದರೆ ಚೀಟಿ ಮತ್ತು ಡಿಡಿ ಸಾಕು, ದೊಡ್ಡ ಏರ್ಪಾಡು ಬೇಡ. ಒಂದೇ ಕಂಪನಿಯ ತುಂಬಾ ಸರ್ವರ್‌ಗಳು, ಡಿಸ್ಕ್‌ಗಳೆಲ್ಲ ಒಳಗೇ ಇವೆ ಅಂದರೆ ರೆಡ್‌ಫಿಶ್. ವಿಂಡೋಸ್ ಸರ್ವರ್‌ನಲ್ಲಿ ಸ್ಟೋರೇಜ್ ಸ್ಪೇಸಸ್ ಬಳಸುವವರಿಗೆ ಪವರ್‌ಶೆಲ್‌ನಲ್ಲೇ ಭೌತಿಕ ಡಿಸ್ಕ್ ಪಟ್ಟಿ ಮಾಡುವ, ಲೈಟ್ ಹಚ್ಚುವ ಆದೇಶಗಳಿವೆ. ಅದರ ಹಿಂದೆಯೂ ಎಸ್‌ಇಎಸ್ ಬೆಂಬಲ ಬೇಕು.

ಯಾವುದನ್ನು ಆರಿಸಿದರೂ ಚೀಟಿ ಬಿಡಬೇಡಿ. ಎಳೆಯುವ ಮೊದಲು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಾಕ್ಷಿ ಒಂದೇ ಸ್ಲಾಟ್ ಹೇಳಬೇಕು ಅನ್ನುವುದು ನನ್ನ ನಿಯಮ. ಮಿಣುಕುವ ಲೈಟ್ ಒಂದು, ಚೀಟಿಯ ಸೀರಿಯಲ್ ಇನ್ನೊಂದು.

ಲೈಟ್ ಓದುವಾಗ ಅದರ ಭಾಷೆ ಗೊತ್ತಿರಲಿ. ಐಬಿಪಿಐ ಎಂಬ ಮಾನದಂಡ ಪಾಲಿಸುವ ಚಾಸಿಗಳಲ್ಲಿ ಲೊಕೇಟ್ ಅಂದರೆ ಸೆಕೆಂಡಿಗೆ 4 ಸಲ ಮಿಣುಕು. ರೀಬಿಲ್ಡ್ ಅಂದರೆ ಸೆಕೆಂಡಿಗೆ 1 ಸಲ. ಬಿಡದೆ ಉರಿದರೆ ಫಾಲ್ಟ್. ರೀಬಿಲ್ಡ್ ಆಗುತ್ತಿರುವ ಹೊಸ ಡಿಸ್ಕನ್ನೇ ಲೊಕೇಟ್ ಎಂದು ತಿಳಿದು ಎಳೆಯುವ ಅಪಾಯ ಇದೆ, ನೋಡಿಕೊಳ್ಳಿ. ಎಲ್ಲ ತಯಾರಕರೂ ಇದನ್ನೇ ಪಾಲಿಸುವುದಿಲ್ಲ, ಚಾಸಿಯ ಕೈಪಿಡಿ ಒಮ್ಮೆ ಓದಿ.

ಕಾಯುವ ಕೆಲಸ: ಸ್ಮಾರ್ಟ್ ಒಂದೇ ಸಾಲದು

ಕೆಡುವ ಮೊದಲೇ ತಿಳಿಯಬೇಕು ಅನ್ನುವುದು ಎಲ್ಲರ ಆಸೆ. ಸ್ಮಾರ್ಟ್ ಇರುವುದು ಅದಕ್ಕೇ. ಸಾಟಾ ಡಿಸ್ಕ್‌ನಲ್ಲಿ ನಾನು ನೋಡುವ ಸಂಖ್ಯೆಗಳು 5, 187, 188, 197, 198. ಬದಲಿ ಸೆಕ್ಟರ್‌ಗಳು (ಕೆಟ್ಟ ಜಾಗಕ್ಕೆ ಬದಲಾಗಿ ಬಳಸಿದವು), ಸರಿಪಡಿಸಲಾಗದ ದೋಷಗಳು, ಉತ್ತರ ಬಾರದ ಆದೇಶಗಳು, ಬಾಕಿ ಇರುವ ಸೆಕ್ಟರ್‌ಗಳು, ಇಂಥವು. ಬ್ಯಾಕ್‌ಬ್ಲೇಜ್ ಎಂಬ ಬ್ಯಾಕಪ್ ಕಂಪನಿಯೂ ತನ್ನ ಡಿಸ್ಕ್‌ಗಳನ್ನು ಕಾಯಲು ಈ ಐದನ್ನೇ ಆರಿಸಿಕೊಂಡಿತ್ತು. ಎಸ್‌ಎಎಸ್ ಡಿಸ್ಕ್‌ನಲ್ಲಿ ಈ ಪಟ್ಟಿ ಇರುವುದಿಲ್ಲ. ಅಲ್ಲಿ ಗ್ರೋನ್ ಡಿಫೆಕ್ಟ್ ಲಿಸ್ಟ್ (ಬಳಕೆಯಲ್ಲಿ ಕೆಟ್ಟ ಜಾಗಗಳ ಪಟ್ಟಿ) ಮತ್ತು ಸರಿಪಡಿಸಲಾಗದ ದೋಷಗಳ ಎಣಿಕೆ ನೋಡಬೇಕು. ಎನ್‌ವಿಎಂಇಯಲ್ಲಿ ಉಳಿದ ಬದಲಿ ಜಾಗ, ಬಳಕೆಯಾದ ಶೇಕಡಾ ಆಯಸ್ಸು, ಮೀಡಿಯಾ ದೋಷಗಳು. ಸಾಟಾಗೆಂದು ಬರೆದ ಅಲರ್ಟ್ ನಿಯಮವನ್ನು ಎಸ್‌ಎಎಸ್ ಡಿಸ್ಕ್‌ಗೆ ಹಾಕಿ ನೆಮ್ಮದಿಯಿಂದ ಇರುವವರನ್ನು ನೋಡಿದ್ದೇನೆ. ಆ ಅಲರ್ಟ್ ಯಾವತ್ತೂ ಬರುವುದಿಲ್ಲ.

ಸ್ಮಾರ್ಟ್‌ನ ಮಿತಿಯನ್ನು ಗೂಗಲ್ 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನದಲ್ಲಿ ತೋರಿಸಿತು. ಕೆಟ್ಟ ಡಿಸ್ಕ್‌ಗಳಲ್ಲಿ ಶೇಕಡಾ 56ಕ್ಕಿಂತ ಹೆಚ್ಚಿನವು ನಾಲ್ಕು ಬಲವಾದ ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಅಂದರೆ ಅರ್ಧಕ್ಕಿಂತ ಜಾಸ್ತಿ ಡಿಸ್ಕ್‌ಗಳು ಈ ಮುನ್ಸೂಚನೆ ಕೊಡದೆ ಹೋದವು. ಇನ್ನೊಂದು ಕಡೆ, ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್ 60 ದಿನದೊಳಗೆ ಕೆಡುವ ಸಾಧ್ಯತೆ ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು. ಹಾಗಾಗಿ ಸ್ಮಾರ್ಟ್ ಕೂಗಿದರೆ ನಂಬಿ. ಸುಮ್ಮನಿದ್ದರೆ ನೆಮ್ಮದಿ ಬೇಡ.

ಅದಕ್ಕೇ ಡೇಟಾವನ್ನೇ ಓದಿ ನೋಡುವ ಪದರ ಬೇಕು. ಝಡ್‌ಎಫ್‌ಎಸ್‌ನಲ್ಲಿ ಸ್ಕ್ರಬ್, ಎಂಡಿಯಲ್ಲಿ ಚೆಕ್, ರೇಡ್ ಕಾರ್ಡ್‌ನಲ್ಲಿ ಪ್ಯಾಟ್ರೋಲ್ ರೀಡ್. ಯಾರೂ ತೆರೆಯದ ಹಳೆಯ ಫೈಲ್ ಇರುವ ಸೆಕ್ಟರ್ ಕೆಟ್ಟಿದ್ದರೆ ಇದರಿಂದ ತಿಳಿಯುತ್ತದೆ. ಇಲ್ಲದಿದ್ದರೆ ಅದು ಬೆಳಕಿಗೆ ಬರುವುದು ಬೇರೊಂದು ಡಿಸ್ಕ್ ಕೆಟ್ಟು ರೀಬಿಲ್ಡ್ ನಡೆಯುವಾಗ. ಅದಕ್ಕಿಂತ ಕೆಟ್ಟ ಸಮಯ ಇನ್ನೊಂದಿಲ್ಲ. ಈ ಎರಡು ಪದರಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾನು ಸ್ಕ್ರಬ್ ಆರಿಸುತ್ತೇನೆ.

ಮೂರನೇ ಪದರ ಎನ್‌ಕ್ಲೋಜರ್ ತಾನೇ. ಇದನ್ನು ಬಹಳ ಜನ ಮರೆಯುತ್ತಾರೆ. ಒಂದು ಫ್ಯಾನ್ ನಿಂತರೆ ಒಂದು ಸಾಲಿನ ಡಿಸ್ಕ್‌ಗಳೆಲ್ಲ ಬಿಸಿಯಾಗುತ್ತವೆ. ಎರಡು ಪವರ್ ಸಪ್ಲೈಗಳಲ್ಲಿ ಒಂದು ಸತ್ತಿದ್ದು ಎರಡನೆಯದು ಸಾಯುವವರೆಗೂ ಯಾರಿಗೂ ತಿಳಿಯದೆ ಇರಬಹುದು. ಹೊರಗಿನ ಜೆಬಿಒಡಿಯಲ್ಲಿ ಇದನ್ನು ಹೇಳುವುದು ಎಸ್‌ಇಎಸ್. ಎಸ್‌ಜಿ-ಎಸ್‌ಇಎಸ್ ಟೂಲ್‌ನ ಸ್ಥಿತಿ ಪುಟವನ್ನು ಆಗಾಗ ಓದಿ ಅಲರ್ಟ್ ಕಳಿಸುವ ಸಣ್ಣ ಸ್ಕ್ರಿಪ್ಟ್ ಸಾಕು.

ಟೂಲ್‌ಗಳ ಮಾತು ಬೇಗ ಮುಗಿಸುತ್ತೇನೆ. ಸ್ಮಾರ್ಟ್ ಸಂಖ್ಯೆಗಳನ್ನು ಕಾಯುವ ಸ್ಮಾರ್ಟ್‌ಡಿ ಸರಳ. ತಾನಾಗಿ ಅರ್ಧ ಗಂಟೆಗೊಮ್ಮೆ ನೋಡುತ್ತದೆ, ಹೇಳಿಟ್ಟರೆ ಸ್ವಯಂ ಪರೀಕ್ಷೆಗಳನ್ನು ಓಡಿಸುತ್ತದೆ, ಮೇಲ್ ಕಳಿಸುತ್ತದೆ. ಕೆಲವೇ ಸರ್ವರ್ ಇದ್ದರೆ ಇದೇ ಸಾಕು. ಬಹಳ ಸರ್ವರ್ ಇದ್ದರೆ ಪ್ರೊಮೀಥಿಯಸ್ ಎಂಬ ಮಾನಿಟರಿಂಗ್ ವ್ಯವಸ್ಥೆಗೆ ಸ್ಮಾರ್ಟ್‌ಸಿಟಿಎಲ್ ಎಕ್ಸ್‌ಪೋರ್ಟರ್, ಅಥವಾ ಅಂಥದ್ದೇ ಆದ ಝಬಿಕ್ಸ್ ಒಳ್ಳೆಯದು. ಅವುಗಳ ಲಾಭ ಏರಿಕೆ ಕಾಣುವುದು. 8 ಬದಲಿ ಸೆಕ್ಟರ್ ಎರಡು ವರ್ಷದಿಂದ 8 ಆಗಿಯೇ ಇದ್ದರೆ ನನಗೆ ಚಿಂತೆ ಇಲ್ಲ. ಈ ವಾರ 0 ಇದ್ದದ್ದು 8 ಆಗಿ ನಿನ್ನೆ 40 ಆಗಿದ್ದರೆ ಬದಲಿ ಡಿಸ್ಕ್ ತರಿಸುತ್ತೇನೆ. ಝಡ್‌ಎಫ್‌ಎಸ್‌ನ ಝೆಡ್ ಎಂಬ ಡೀಮನ್ ಡಿಸ್ಕ್ ಕೆಟ್ಟಾಗ ಮೇಲ್ ಕಳಿಸುವುದಲ್ಲದೆ, ಎಸ್‌ಇಎಸ್ ಇದ್ದರೆ ಆ ಸ್ಲಾಟ್‌ನ ಫಾಲ್ಟ್ ಲೈಟನ್ನೂ ಹಚ್ಚಬಲ್ಲದು. ಆ ಆಯ್ಕೆಯನ್ನು ಅದರ ಕಾನ್ಫಿಗ್ ಫೈಲ್‌ನಲ್ಲಿ ನೋಡಿ ಚಾಲೂ ಮಾಡಿ.

ಟೂಲ್ ಯಾವುದಾದರೂ ಇರಲಿ, ಅಲರ್ಟ್‌ನ ಮೆಸೇಜಿನಲ್ಲೇ ಮೂರು ಹೆಸರೂ ಇರಬೇಕು. "ಎಸ್‌ಡಿಕೆ ಕೆಟ್ಟಿದೆ" ಎಂಬ ಮೇಲ್ ನಡುರಾತ್ರಿ ಬಂದರೆ ಅದನ್ನು ಓದಿದವರು ಇನ್ನೊಂದು ಹುಡುಕಾಟ ಶುರು ಮಾಡಬೇಕು. ಅಷ್ಟರಲ್ಲಿ ಯಾರೋ ರೀಬೂಟ್ ಮಾಡಿದರೆ ಎಸ್‌ಡಿಕೆ ಬೇರೆಯೇ ಡಿಸ್ಕ್. ಎನ್‌ಕ್ಲೋಜರ್ 1, ಸ್ಲಾಟ್ 7, ಸೀರಿಯಲ್ ಇಂಥದ್ದು ಎಂದು ಮೇಲ್‌ನಲ್ಲೇ ಇದ್ದರೆ ನೇರ ರ್‍ಯಾಕ್ ಹತ್ತಿರ ಹೋಗಬಹುದು.

ಸ್ಲಾಟ್ ಬರೆದಿಡುವುದರಿಂದ ಇನ್ನೊಂದು ಲಾಭ ಇದೆ. ಎಲ್ಲ ದೋಷವೂ ಡಿಸ್ಕ್‌ನದ್ದಲ್ಲ. ಸ್ಮಾರ್ಟ್‌ನ 199ನೇ ಸಂಖ್ಯೆ (ಡೇಟಾ ಸಾಗುವಾಗ ಆದ ದೋಷಗಳ ಎಣಿಕೆ) ಏರುತ್ತಿದ್ದರೆ ಅದು ಕೇಬಲ್, ಕನೆಕ್ಟರ್, ಬ್ಯಾಕ್‌ಪ್ಲೇನ್ ಕಡೆ ಬೆರಳು ತೋರಿಸುತ್ತದೆ. ಒಂದೇ ಸ್ಲಾಟ್‌ನಲ್ಲಿ ಎರಡನೇ ಡಿಸ್ಕೂ ಕೆಟ್ಟರೆ ಮೂರನೆಯದನ್ನು ಹಾಕುವ ಮೊದಲು ಆ ಸ್ಲಾಟನ್ನು ಅನುಮಾನಿಸಿ. ಹಳೆಯ ದಾಖಲೆಯಲ್ಲಿ ಬರೀ ಎಸ್‌ಡಿಕೆ ಎಂದು ಇದ್ದರೆ ಈ ಅನುಮಾನ ಹುಟ್ಟುವುದೇ ಇಲ್ಲ.

ಎಳೆಯುವ ಹೊತ್ತು

ಮೊದಲು ಅರೇಯ ಸ್ಥಿತಿ ನೋಡಿ. ಬೇರೆ ರೀಬಿಲ್ಡ್ ನಡೆಯುತ್ತಿದ್ದರೆ ಕಾಯಿರಿ. ಡಿಸ್ಕನ್ನು ಸಾಫ್ಟ್‌ವೇರ್‌ನಲ್ಲಿ ಆಫ್‌ಲೈನ್ ಮಾಡಿ. ಲೊಕೇಟ್ ಲೈಟ್ ಹಚ್ಚಿ, ಕ್ಯಾಡಿಯ ಚೀಟಿಯ ಸೀರಿಯಲ್ ಜೋರಾಗಿ ಓದಿ. ಇನ್ನೊಬ್ಬರು ಜೊತೆಗಿದ್ದರೆ ಅವರು ಸ್ಕ್ರೀನ್‌ನಲ್ಲಿ ಇರುವುದನ್ನು ಓದಲಿ. ಆಮೇಲೆ ಕ್ಯಾಡಿಯ ಲಿವರ್ ಬಿಚ್ಚಿ, ಕನೆಕ್ಟರ್ ಬಿಡುವಷ್ಟು ಮಾತ್ರ ಎಳೆದು ಅರ್ಧ ನಿಮಿಷ ನಿಲ್ಲಿ. ಒಳಗಿನ ತಟ್ಟೆಗಳು ತಿರುಗುವುದು ನಿಲ್ಲಬೇಕು. ಅದೇ ಹೊತ್ತಿಗೆ ಕರ್ನಲ್ ಲಾಗ್ ನೋಡಿ, ಹೋದದ್ದು ನೀವು ಅಂದುಕೊಂಡ ಡಿಸ್ಕೇನಾ? ಪೂರ್ತಿ ಹೊರಗೆ ತೆಗೆದ ಮೇಲೆ ಡಿಸ್ಕ್‌ನ ಅಚ್ಚಾದ ಲೇಬಲ್ ಒಮ್ಮೆ ನೋಡಿ. ಮೇಲಿನಿಂದ ತೆರೆಯುವ ದೊಡ್ಡ ಎನ್‌ಕ್ಲೋಜರ್ ಆದರೆ ಇದನ್ನೆಲ್ಲ ಬೇಗ ಮಾಡಿ. ಮುಚ್ಚಳ ತೆರೆದಿದ್ದಷ್ಟು ಹೊತ್ತು ಗಾಳಿಯ ಹರಿವು ಕೆಡುತ್ತದೆ, ಎಷ್ಟು ನಿಮಿಷ ತೆರೆದಿಡಬಹುದು ಎಂದು ಕೈಪಿಡಿಯಲ್ಲಿ ಇರುತ್ತದೆ.

ಹೊಸ ಡಿಸ್ಕ್ ಹಾಕುವ ಮೊದಲೇ ಅದರ ಸೀರಿಯಲ್ ಚೀಟಿ ಅಂಟಿಸಿ. ಪಟ್ಟಿಯಲ್ಲಿ ಹಳೆಯದನ್ನು ಹೊಡೆದು ಹೊಸದನ್ನು ಬರೆಯಿರಿ, ದಿನಾಂಕ ಸಮೇತ. ರೀಬಿಲ್ಡ್ ಶುರುವಾಯಿತಾ ನೋಡಿ. ಲೊಕೇಟ್ ಲೈಟ್ ಆರಿಸಿ. ಆರಿಸದೆ ಹೋದರೆ ಮುಂದಿನ ಸಲ ರ್‍ಯಾಕ್ ಮುಂದೆ ಬಂದವರಿಗೆ ಎರಡು ಲೈಟ್ ಮಿಣುಕುವುದು ಕಾಣುತ್ತದೆ.